ವೋಟು ಕೇಳಲು ಬಂದವರಿಗೆ ಒಂದು ಪ್ರಶ್ನೆ

ತಾಳಿಕೋಟೆ ಸೀಮೆಯ ಅಕ್ಕತಂಗಿಯರೇ, ಸಮಾನತೆಯ ವಿಚಾರ ನಮಗೆ ಮತಪೆಟ್ಟಿಗೆಯಿಂದ ಬಂದದ್ದಲ್ಲ. ಬಸವಣ್ಣನವರು ಹುಟ್ಟಿದ ಬಾಗೇವಾಡಿ ನಮ್ಮ ನೆರೆಯಲ್ಲೇ ಇದೆ. 12ನೇ ಶತಮಾನದ ವಚನಕಾರ್ತಿ ಆಯ್ದಕ್ಕಿ ಲಕ್ಕಮ್ಮ, ಗಂಡ ಹೆಚ್ಚಿಗೆ ತಂದ ಅಕ್ಕಿಯನ್ನು ಮರಳಿ ಸುರಿದು ಬರಲು ಹೇಳಿದಳು. ಗಂಡನ ಆಸೆಯನ್ನು ಹೆಂಡತಿ ಪ್ರಶ್ನಿಸಬಹುದೆಂಬುದು ಅಂದೇ ನಮ್ಮ ಸಾಹಿತ್ಯ ಸೇರಿತು.

ವರದಕ್ಷಿಣೆ ನಿಷೇಧ ಕಾಯ್ದೆ ಬಂದದ್ದು 1961ರಲ್ಲಿ. ಪಂಚಾಯ್ತಿಯಲ್ಲಿ ಮಹಿಳೆಯರಿಗೆ 1987ರಲ್ಲಿ ಕಾಲು ಪಾಲು, 1993ರಲ್ಲಿ ಮೂರನೇ ಒಂದು, 2010ರ ನಂತರ ಅರ್ಧ ಪಾಲು ಸಿಕ್ಕಿತು. ಆದರೂ ಎಷ್ಟೋ ಕಡೆ ಸಹಿ ಆಕೆಯದು, ಅಧಿಕಾರ ಗಂಡನದು. ವರದಕ್ಷಿಣೆಯೂ ನಿಂತಿಲ್ಲ.

ಲಕ್ಕಮ್ಮನ ಮಾತನ್ನು ಚುನಾವಣೆಗೆ ತರೋಣ. ವೋಟು ಕೇಳಲು ಬಂದವರನ್ನು ಸಂಘದ ಎಲ್ಲರೂ ಸೇರಿ ಕೇಳೋಣ: ‘ನಿಮ್ಮ ಮಗನ ಮದುವೆಯಲ್ಲಿ ಎಷ್ಟು ತೊಗೊಂಡ್ರಿ? ಸೊಸೆ ಮನೆಯಾಗ ಸುಖವಾಗಿದ್ದಾಳೇನು?’ ಉತ್ತರ ಕೇಳಿ, ಆಮೇಲೆ ಮತ ಹಾಕೋಣ.