ಆಟಗಾರನ ಕೂಲಿ ಯಾರ ಲೆಕ್ಕಕ್ಕೆ?

ಗೆದ್ದೆತ್ತಿನ ಬಾಲ ಹಿಡಿಯುವವರಿಗೆ ನಮ್ಮ ದೇಶದಲ್ಲಿ ಎಂದೂ ಬರಗಾಲವಿಲ್ಲ. 2024ರ ಜನವರಿಯಲ್ಲಿ ಹರಿಯಾಣದ ಸುಮಿತ್ ನಾಗಲ್ ಎಂಬ 26 ವರ್ಷದ ತರುಣರು ಮೆಲ್ಬರ್ನಿನ ಆಸ್ಟ್ರೇಲಿಯನ್ ಓಪನ್ ಟೆನಿಸ್ ಪಂದ್ಯಾವಳಿಯಲ್ಲಿ 31ನೆಯ ಶ್ರೇಯಾಂಕದ ಅಲೆಕ್ಸಾಂಡರ್ ಬುಬ್ಲಿಕ್ ಅವರನ್ನು ಮೂರು ನೇರ ಸೆಟ್ಟುಗಳಲ್ಲಿ ಸೋಲಿಸಿದಾಗ ದೇಶದ ಪತ್ರಿಕೆಗಳೆಲ್ಲ ಅವರ ಹೆಸರನ್ನು ದಪ್ಪಕ್ಷರಗಳಲ್ಲಿ ಅಚ್ಚು ಹಾಕಿದವು. ಅದು ಸಣ್ಣ ಸಾಧನೆಯೇನೂ ಅಲ್ಲ. 1989ರಲ್ಲಿ ರಮೇಶ್ ಕೃಷ್ಣನ್ ಅವರು ಸ್ವೀಡನ್ನಿನ ಮ್ಯಾಟ್ಸ್ ವಿಲಾಂಡರ್ ಅವರನ್ನು ಸೋಲಿಸಿದ್ದನ್ನು ಬಿಟ್ಟರೆ, ಅಲ್ಲಿಂದೀಚೆಗೆ 35 ವರ್ಷ ಭಾರತದ ಯಾವ ಆಟಗಾರನೂ ಅಂಥ ದೊಡ್ಡ ಪಂದ್ಯಾವಳಿಯ ಸಿಂಗಲ್ಸ್ ಪಂದ್ಯದಲ್ಲಿ ಶ್ರೇಯಾಂಕ ಪಡೆದವನನ್ನು ಕೆಡವಿರಲಿಲ್ಲ. ಆದರೆ ಇದಕ್ಕೆ ಕೇವಲ ನಾಲ್ಕು ತಿಂಗಳ ಹಿಂದೆ, 2023ರ ಸೆಪ್ಟೆಂಬರಿನಲ್ಲಿ, ಇದೇ ತರುಣರು ತಮ್ಮ ಬ್ಯಾಂಕಿನ ಖಾತೆಯಲ್ಲಿ ಉಳಿದಿರುವುದು 900 ಯೂರೋ ಮಾತ್ರ ಎಂದು ಬಹಿರಂಗವಾಗಿ ಹೇಳಿದ್ದರು. ನಮ್ಮ ಲೆಕ್ಕದಲ್ಲಿ ಸುಮಾರು 80,000 ರೂಪಾಯಿ. ಆಗಲೂ ಅವರು ಸಿಂಗಲ್ಸ್‌ನಲ್ಲಿ ಭಾರತದ ಒಂದನೆಯ ಆಟಗಾರರೇ ಆಗಿದ್ದರು.

ಟೆನಿಸ್ ಎಂಬುದು ಹಣವಂತರ ಆಟ, ಗಿರಣಿಯ ಪಾಳಿ ಮುಗಿಸಿ ಬರುವವರಿಗೂ ಅಂಗಡಿಯ ಗಲ್ಲಾದ ಮುಂದೆ ಕೂರುವವರಿಗೂ ಅದರ ಗೊಡವೆ ಏಕೆ ಎಂದು ಓದುಗರು ಕೇಳಬಹುದು. ನ್ಯಾಯವಾದ ಪ್ರಶ್ನೆ. ಅದು ಹಣವಂತರ ಆಟವೆಂಬುದು ನಿಜ. ಆದುದರಿಂದಲೇ, ಹಣವಿಲ್ಲದ ಮನೆಯ ಹುಡುಗನೊಬ್ಬ ಅದರೊಳಗೆ ನುಗ್ಗಿದಾಗ ಅವನಿಗೆ ಏನಾಗುತ್ತದೆಂಬುದನ್ನು ನೋಡಿದರೆ ದುಡಿಮೆ ಮತ್ತು ಕೂಲಿಯ ವಿಷಯ ಸ್ಪಷ್ಟವಾಗಿ ತಿಳಿಯುತ್ತದೆ.

ನಾಗಲ್ ಅವರು ಹುಟ್ಟಿದ್ದು 1997ರಲ್ಲಿ, ಝಜ್ಜರಿನಲ್ಲಿ. ತಂದೆ ಶಾಲಾ ಉಪಾಧ್ಯಾಯರು. ಮಗ ಹತ್ತು ವರ್ಷದ ಆಸುಪಾಸಿನಲ್ಲಿದ್ದಾಗ ಮಹೇಶ್ ಭೂಪತಿಯವರು ಆಟ ನೋಡಿ ಆರಿಸಿಕೊಂಡರು. ಒಂದು ಟೈರ್ ಕಂಪನಿಯ ಹಣದಿಂದ ನಡೆಯುತ್ತಿದ್ದ ತರಬೇತಿ ಯೋಜನೆಗಾಗಿ ಹುಡುಗ ಮನೆ ಬಿಟ್ಟು ನಮ್ಮ ಬೆಂಗಳೂರಿಗೆ ಬಂದ. ಆ ಯೋಜನೆ ಗುರಿ ಮುಟ್ಟುವ ಮೊದಲೇ ನಿಂತುಹೋಯಿತು. ಬಂಡವಾಳ ಹಾಕಿದವರು ಲಾಭ ಕಾಣುವತನಕ ಕಾಯುವುದಿಲ್ಲ. ಹುಡುಗರು ಬೆಳೆಯುವುದಕ್ಕೆ ಮಾತ್ರ ವರ್ಷಗಳೇ ಬೇಕು. ನಂತರವೂ ಭೂಪತಿಯವರ ನೆರವಿನಿಂದ ಹುಡುಗ ಪರದೇಶಗಳಲ್ಲಿ ಕಲಿತ. 2015ರಲ್ಲಿ ವಿಯೆಟ್ನಾಮಿನ ಜೊತೆಗಾರನೊಡನೆ ವಿಂಬಲ್ಡನ್ನಿನ ಬಾಲಕರ ಡಬಲ್ಸ್ ಪ್ರಶಸ್ತಿ ಬಂತು. 2017ರಲ್ಲಿ ಬೆಂಗಳೂರಿನ ಚಾಲೆಂಜರ್ ಪಂದ್ಯಾವಳಿಯನ್ನು ಗೆದ್ದರು. 2019ರಲ್ಲಿ ನ್ಯೂಯಾರ್ಕಿನಲ್ಲಿ ಸ್ವತಃ ರೋಜರ್ ಫೆಡರರ್ ಅವರಿಂದ ಮೊದಲ ಸೆಟ್ಟನ್ನು 6-4ರಿಂದ ಕಿತ್ತುಕೊಂಡು, ಪಂದ್ಯ ಸೋತರೂ ಹೆಸರು ಗಳಿಸಿದರು. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಒಂದು ಸುತ್ತು ಗೆದ್ದರು. 1996ರಲ್ಲಿ ಲಿಯಾಂಡರ್ ಪೇಸ್ ಗೆದ್ದ ಮೇಲೆ ಅಲ್ಲಿ ಸಿಂಗಲ್ಸ್ ಪಂದ್ಯ ಗೆದ್ದ ಭಾರತದ ಮೊದಲ ಪುರುಷ ಆಟಗಾರ ಅವರೇ.

ಅದೇ ವರ್ಷದ ನವೆಂಬರಿನಲ್ಲಿ ಸೊಂಟದ ಶಸ್ತ್ರಚಿಕಿತ್ಸೆಯಾಯಿತು. ಇಲ್ಲಿಂದ ಕಥೆ ನಮ್ಮ ಓದುಗರಿಗೆ ಪರಿಚಯದ ದಾರಿ ಹಿಡಿಯುತ್ತದೆ.

ಗಿರಣಿಯ ಬಾಗಿಲಲ್ಲಿ ಬದಲಿ ಕೆಲಸಗಾರ ಹೇಗೆ ನಿಲ್ಲುತ್ತಾನೆಂಬುದು ಎಲ್ಲರಿಗೂ ಗೊತ್ತು. ಕಾಯಂ ಕೆಲಸಗಾರ ಬಾರದಿದ್ದರೆ ಇವನಿಗೆ ಮಗ್ಗ ಸಿಕ್ಕುತ್ತದೆ, ಬಂದರೆ ಬರಿಗೈ. ಟೆನಿಸ್ ಜಗತ್ತಿನಲ್ಲಿ ಮೊದಲ ನೂರರೊಳಗಿರುವವನು ಕಾಯಂ, ಆಚೆಗಿರುವವನು ಬದಲಿ. ದೊಡ್ಡ ನಾಲ್ಕು ಪಂದ್ಯಾವಳಿಗಳಲ್ಲಿ ಗಂಡಸರ ಸಿಂಗಲ್ಸ್‌ಗೆ 128 ಸ್ಥಾನಗಳು. ಅವುಗಳಲ್ಲಿ 104 ಸ್ಥಾನಗಳು ವಿಶ್ವ ಕ್ರಮಾಂಕದ ಪಟ್ಟಿಯ ಮೇಲೆ ನೇರವಾಗಿ ತುಂಬುತ್ತವೆ. 8 ಸ್ಥಾನಗಳನ್ನು ವ್ಯವಸ್ಥಾಪಕರು ತಮಗೆ ಬೇಕಾದವರಿಗೆ ಕೊಡುತ್ತಾರೆ. ಉಳಿದ 16ಕ್ಕಾಗಿ 128 ಜನ ಅರ್ಹತಾ ಸುತ್ತುಗಳಲ್ಲಿ ಕಾದಾಡಬೇಕು, ಸಾಲಾಗಿ ಮೂರು ಪಂದ್ಯ ಗೆಲ್ಲಬೇಕು. 2024ರಲ್ಲಿ ಮೆಲ್ಬರ್ನಿನಲ್ಲಿ ಬಾಗಿಲು ದಾಟಿ ಒಳಗೆ ಬಂದು ಮೊದಲ ಸುತ್ತಿನಲ್ಲೇ ಸೋತವನಿಗೂ 1,20,000 ಆಸ್ಟ್ರೇಲಿಯನ್ ಡಾಲರ್ ಇತ್ತು. ಅದೇ ಕಾಲಕ್ಕೆ ಇದೇ ವೃತ್ತಿಯ ಕೆಳಗಿನ ಮೆಟ್ಟಿಲಿನ 15,000 ಡಾಲರಿನ ಪಂದ್ಯಾವಳಿಯಲ್ಲಿ ಮೊದಲ ಸುತ್ತು ಸೋತವನ ಗಳಿಕೆ 156 ಡಾಲರ್. ಅದರಲ್ಲಿ ರೈಲು, ವಿಮಾನದ ಚಾರ್ಜು, ಊಟ, ವಸತಿ, ರಾಕೆಟ್ಟಿನ ತಂತಿ ಎಲ್ಲವೂ ಅವನ ಕೈಯಿಂದಲೇ.

ಗಳಿಸಿದ ಅಂಕವನ್ನಾದರೂ ಕೂಡಿಡಬಹುದೇ? ಅದೂ ಇಲ್ಲ. 52 ವಾರ ಕಳೆದರೆ ಹಳೆಯ ಅಂಕ ಬಿದ್ದುಹೋಗುತ್ತದೆ. ಆರು ತಿಂಗಳು ಹಾಸಿಗೆ ಹಿಡಿದವನ ಹೆಸರು ಪಟ್ಟಿಯಲ್ಲಿ ತಾನೇ ತಾನಾಗಿ ಕೆಳಗಿಳಿಯುತ್ತದೆ. ಕೂಲಿಯಿಲ್ಲದೆ ಮಲಗಿರುವಾಗ ಅವನ ಬಾಗಿಲ ಚೀಟಿಯನ್ನೂ ಹರಿದುಹಾಕಿದಂತೆ. ನಾಗಲ್ ಅವರ ಸ್ಥಾನವೂ ಹೀಗೆಯೇ ಐನೂರರ ಆಸುಪಾಸಿಗೆ ಕುಸಿಯಿತು.

ನಮ್ಮ ಸಣ್ಣ ವ್ಯಾಪಾರಿ ಬಂಧುಗಳು ಅವರ ಖಾತೆಯನ್ನು ತಮ್ಮ ಖಾತೆಯಂತೆಯೇ ಓದಿ ನೋಡಲಿ. 2023ರಲ್ಲಿ ಅವರು 24 ಪಂದ್ಯಾವಳಿಗಳಲ್ಲಿ ಆಡಿ ಗಳಿಸಿದ್ದು ಸುಮಾರು 65 ಲಕ್ಷ ರೂಪಾಯಿ. ಕೇಳುವುದಕ್ಕೆ ದೊಡ್ಡ ಮೊತ್ತವೇ. ಆದರೆ ಒಬ್ಬನೇ ಒಬ್ಬ ತರಬೇತುದಾರನನ್ನು ಜೊತೆಗಿಟ್ಟುಕೊಂಡು ವರ್ಷವಿಡೀ ತಿರುಗುವುದಕ್ಕೆ 80 ಲಕ್ಷದಿಂದ ಒಂದು ಕೋಟಿ ಬೇಕೆಂದು ಅವರೇ ವಿವರಿಸಿದರು. ಸಾರ್ವಜನಿಕ ತೈಲ ಕಂಪನಿಯಿಂದ ಬರುವ ಸಂಬಳವನ್ನೂ ಮಹಾರಾಷ್ಟ್ರದ ಒಂದು ಪ್ರತಿಷ್ಠಾನದ ನೆರವನ್ನೂ ಸೇರಿಸಿ, ಬಂದದ್ದನ್ನೆಲ್ಲ ಆಟಕ್ಕೇ ಸುರಿದ ಮೇಲೆ ಉಳಿದದ್ದು ಆ 900 ಯೂರೋ. ವರ್ಷದ ಮೊದಲ ತಿಂಗಳುಗಳಲ್ಲಿ ಜರ್ಮನಿಯ ತರಬೇತಿ ಕೇಂದ್ರದಲ್ಲಿ ಕಲಿಯಲು ದುಡ್ಡಿಲ್ಲದೆ, ಹಳೆಯ ಆಟಗಾರ ಸೋಮದೇವ್ ದೇವವರ್ಮನ್ ಮುಂತಾದ ಗೆಳೆಯರ ಸಹಾಯದಿಂದ ದಿನ ತಳ್ಳಿದರು. ಗಾಯಗೊಂಡು ಸ್ಥಾನ ಇಳಿದಾಗ ಯಾರೂ ಕೈಹಿಡಿಯಲಿಲ್ಲವೆಂದೂ, ಸರ್ಕಾರದ ಒಲಿಂಪಿಕ್ ನೆರವಿನ ಪಟ್ಟಿಯಲ್ಲಿ ತಮ್ಮ ಹೆಸರಿಲ್ಲವೆಂದೂ ಅವರು ಆಗ ಹೇಳಿದ ಮಾತು ದಾಖಲೆಯಲ್ಲಿದೆ.

ಇಷ್ಟಾದರೂ ಆಳು ಮೇಲೆದ್ದರು. ಅದು ಅವರ ಛಲ. 2023ರಲ್ಲೇ ರೋಮಿನಲ್ಲಿಯೂ ಫಿನ್ಲೆಂಡಿನ ಟಾಂಪೆರೆಯಲ್ಲಿಯೂ ಚಾಲೆಂಜರ್ ಪ್ರಶಸ್ತಿ ಗೆದ್ದರು. ಮೆಲ್ಬರ್ನಿನಲ್ಲಿ ಮೂರು ಅರ್ಹತಾ ಪಂದ್ಯಗಳನ್ನು ಗೆದ್ದು ಒಳಗೆ ಕಾಲಿಟ್ಟು, ಬುಬ್ಲಿಕ್ ಅವರನ್ನು ಸೋಲಿಸಿ ಎರಡನೆಯ ಸುತ್ತಿಗೆ ನಡೆದಾಗ ಅವರ ಪಾಲಿಗೆ ಬಂದದ್ದು 1,80,000 ಆಸ್ಟ್ರೇಲಿಯನ್ ಡಾಲರ್, ಅಂದರೆ 98 ಲಕ್ಷ ರೂಪಾಯಿಯ ಆಸುಪಾಸು. ಒಂದು ಇಡೀ ವರ್ಷದಲ್ಲಿ ದುಡಿದುದಕ್ಕಿಂತ ಹೆಚ್ಚನ್ನು ಎರಡು ವಾರ ಕೊಟ್ಟಿತು. ಅದೇ ಪಂದ್ಯಾವಳಿಯಲ್ಲಿ ನಮ್ಮ ಕೊಡಗಿನ ರೋಹನ್ ಬೋಪಣ್ಣ ಅವರು 43ನೆಯ ವಯಸ್ಸಿನಲ್ಲಿ ಡಬಲ್ಸ್ ಪ್ರಶಸ್ತಿ ಗೆದ್ದರೆಂಬುದನ್ನೂ ಓದುಗರು ಬಲ್ಲರು. ಫೆಬ್ರವರಿಯಲ್ಲಿ ಚೆನ್ನೈ ಚಾಲೆಂಜರ್ ಗೆದ್ದ ನಾಗಲ್ 98ನೆಯ ಸ್ಥಾನಕ್ಕೇರಿ ಕಾಯಂ ಆದರು. ಏಪ್ರಿಲಿನಲ್ಲಿ ಮಾಂಟೆ ಕಾರ್ಲೊದಲ್ಲಿ ಪಂದ್ಯ ಗೆದ್ದರು. ಜುಲೈ ಹೊತ್ತಿಗೆ 68ನೆಯ ಸ್ಥಾನ.

ಸರಿ, ಈಗ ಜಗಳಕ್ಕೆ ಬರೋಣ. 2024ರ ಸೆಪ್ಟೆಂಬರಿನಲ್ಲಿ ಸ್ವೀಡನ್ನಿನ ಎದುರು ಡೇವಿಸ್ ಕಪ್ ಪಂದ್ಯವಿತ್ತು. ಬೆನ್ನುನೋವಿನ ಕಾರಣ ಕೊಟ್ಟು ನಾಗಲ್ ಹೋಗಲಿಲ್ಲ. ದೇಶದ ಪರವಾಗಿ ಆಡಲು ಅವರು ವರ್ಷಕ್ಕೆ 50,000 ಡಾಲರ್ ಕೇಳಿದರೆಂದು ಅಖಿಲ ಭಾರತ ಟೆನಿಸ್ ಸಂಸ್ಥೆ ಬಹಿರಂಗಪಡಿಸಿತು. ದೇಶಕ್ಕಾಗಿ ಆಡುವವರು ಹಣ ಕೇಳುವುದೆಂದರೇನು ಎಂಬ ಕೂಗೆದ್ದಿತು. ಆಟಗಾರರು ತಮ್ಮ ಕೆಲಸಕ್ಕೆ ಸಂಭಾವನೆ ಪಡೆಯುವುದು, ದೇಶವನ್ನು ಪ್ರತಿನಿಧಿಸುವಾಗಲೂ, ವಾಡಿಕೆಯೇ ಆಗಿದೆಯೆಂದು ನಾಗಲ್ ಉತ್ತರ ಕೊಟ್ಟರು.

ನಾವು ಈ ವಿಷಯದಲ್ಲಿ ಎರಡು ನಾಲಗೆಯಿಂದ ಮಾತನಾಡಲಾರೆವು. ಸಂಸ್ಥೆಯ ಬಳಿ ಹೇರಳ ಹಣವಿಲ್ಲದಿರಬಹುದು. ಡೇವಿಸ್ ಕಪ್ಪಿನಲ್ಲಿ ಬರುವ ಬಹುಮಾನದಲ್ಲಿ ಆಟಗಾರರಿಗೆ ಪಾಲು ಕೊಡುವುದೂ ನಿಜವಿರಬಹುದು. 50,000 ಡಾಲರ್ ಹೆಚ್ಚೋ ಕಡಿಮೆಯೋ ಎಂಬುದನ್ನು ಎದುರುಬದುರು ಕುಳಿತು ತೀರ್ಮಾನಿಸಲಿ. ಆದರೆ ಕೂಲಿ ಕೇಳಿದ್ದೇ ದೇಶದ್ರೋಹವೆಂಬಂತೆ ಆಡುವ ಮಾತನ್ನು ನಾವು ಒಪ್ಪುವುದಿಲ್ಲ. ಬೆನ್ನುನೋವು ಬಂದ ದಿನ ದೇಶಾಭಿಮಾನವು ವೈದ್ಯರ ಬಿಲ್ಲನ್ನು ತೀರಿಸಿತೇ? ಬೋನಸ್ಸು, ತುಟ್ಟಿಭತ್ಯ ಕೇಳಿದಾಗಲೆಲ್ಲ ಉತ್ಪಾದನೆ ರಾಷ್ಟ್ರಸೇವೆಯೆಂಬ ಉಪದೇಶ ಕೇಳಿದವರಿಗೆ ಈ ರಾಗ ಹೊಸದಲ್ಲ.

ಟೆನಿಸ್ಸಿನ ಚರಿತ್ರೆಯೇ ಇದಕ್ಕೆ ಸಾಕ್ಷಿ. 1968ರವರೆಗೆ ವಿಂಬಲ್ಡನ್ನಿನಂಥ ಪಂದ್ಯಾವಳಿಗಳಲ್ಲಿ ಹಣ ಪಡೆದು ಆಡುವವರಿಗೆ ಪ್ರವೇಶವೇ ಇರಲಿಲ್ಲ. ಹವ್ಯಾಸಿಗಳಿಗೆ ಮಾತ್ರ ಬಾಗಿಲು. ಕೇಳಲು ಉದಾತ್ತ ನಿಯಮ; ಆದರೆ ಅಪ್ಪನ ಆಸ್ತಿ ಇದ್ದವನಿಗಷ್ಟೇ ನೇರವಾಗಿ ನಿಭಾಯಿಸಲು ಸಾಧ್ಯ, ಇಲ್ಲದವನಿಗೆ ಮೇಜಿನ ಕೆಳಗಿನಿಂದ ಖರ್ಚಿನ ಹೆಸರಿನಲ್ಲಿ ದುಡ್ಡು. ಆ ವರ್ಷ ಬಾಗಿಲು ತೆರೆದಾಗ ವಿಂಬಲ್ಡನ್ನಿನ ಗಂಡಸರ ಪ್ರಶಸ್ತಿಗೆ 2,000 ಪೌಂಡ್, ಹೆಂಗಸರ ಪ್ರಶಸ್ತಿಗೆ 750. ಈ ಅನ್ಯಾಯವನ್ನು ಯಾರೂ ದಯೆಯಿಂದ ಸರಿಪಡಿಸಲಿಲ್ಲ. 1970ರಲ್ಲಿ ಬಿಲ್ಲೀ ಜೀನ್ ಕಿಂಗ್ ಮೊದಲಾದ ಒಂಬತ್ತು ಮಂದಿ ಮಹಿಳೆಯರು ತಲಾ ಒಂದೊಂದು ಡಾಲರಿನ ಕರಾರಿಗೆ ಸಹಿ ಹಾಕಿ, ಆಟದಿಂದ ಹೊರಗೆ ಹಾಕುವ ಬೆದರಿಕೆಗೆ ಜಗ್ಗದೆ, ತಮ್ಮದೇ ಪಂದ್ಯಾವಳಿ ನಡೆಸಿದರು. 1973ರಲ್ಲಿ ಅಮೆರಿಕದ ಓಪನ್ನಿನಲ್ಲಿ ಸಮಾನ ಬಹುಮಾನ ಬಂತು. ವಿಂಬಲ್ಡನ್ ಅದಕ್ಕೆ ಒಪ್ಪಿದ್ದು 2007ರಲ್ಲಿ. ಅದೇ 1973ರಲ್ಲಿ, ಡೇವಿಸ್ ಕಪ್ಪಿನಲ್ಲಿ ಆಡಲಿಲ್ಲವೆಂದು ಯುಗೋಸ್ಲಾವಿಯದ ಸಂಸ್ಥೆ ನಿಕೋಲಾ ಪಿಲಿಚ್ ಅವರ ಮೇಲೆ ನಿಷೇಧ ಹಾಕಿದಾಗ, 81 ಆಟಗಾರರು ವಿಂಬಲ್ಡನ್ನನ್ನೇ ಬಹಿಷ್ಕರಿಸಿದರು. ಅದು ಮುಷ್ಕರವಲ್ಲದೆ ಮತ್ತೇನು?

ಹೀಗೆ ಒತ್ತಡ ಬಂದಲ್ಲೆಲ್ಲ ಮಾಲೀಕರ ಕೈ ಸಡಿಲವಾಗಿದೆ. ಗಂಡಸರ ವೃತ್ತಿ ಟೆನಿಸ್ ಸಂಘವು 2024ರಿಂದ ಮೂರು ವರ್ಷದ ಪ್ರಯೋಗವೆಂದು ಕನಿಷ್ಠ ಆದಾಯದ ಭರವಸೆಯನ್ನು ಜಾರಿಗೆ ತಂದಿತು. 2024ರಲ್ಲಿ ಅದು ಮೊದಲ ನೂರರೊಳಗಿನವರಿಗೆ ವರ್ಷಕ್ಕೆ 3,00,000 ಡಾಲರ್, 175ರವರೆಗಿನವರಿಗೆ 1,50,000, 250ರವರೆಗಿನವರಿಗೆ 75,000 ಇತ್ತು. ಗಳಿಕೆ ಇದಕ್ಕೆ ಕಡಿಮೆಯಾದರೆ ಸಂಘ ತುಂಬಿಕೊಡುವುದು. ಗಾಯಗೊಂಡವರಿಗೂ ಅದರಲ್ಲಿ ರಕ್ಷಣೆಯಿದೆ. ಈ ವೃತ್ತಿಯಲ್ಲಿ ಕನಿಷ್ಠ ಕೂಲಿ ಅಸಾಧ್ಯವೆಂದು ಇಷ್ಟು ವರ್ಷ ಹೇಳಿದ್ದು ಸುಳ್ಳೆಂದು ತೀರ್ಮಾನವಾಯಿತು. ಆದರೆ 250ರ ಆಚೆಗಿರುವವನ, ಐನೂರಕ್ಕೆ ಕುಸಿದವನ ಗತಿ ಹಿಂದಿನಂತೆಯೇ ಉಳಿಯಿತು.

ಮುನಿಸಿಪಾಲಿಟಿ ಶಾಲೆಗೆ ಆಟದ ಬಯಲಿಲ್ಲದಿರುವಾಗ ಒಬ್ಬ ಟೆನಿಸ್ ಆಟಗಾರನಿಗೆ ಜನರ ತೆರಿಗೆಯಿಂದ ಲಕ್ಷಗಟ್ಟಲೆ ಕೊಡುವುದು ಸರಿಯೇ ಎಂದು ಕೇಳುವವರಿದ್ದಾರೆ. ಆ ಪ್ರಶ್ನೆಯಿಂದ ನಾವು ಜಾರಿಕೊಳ್ಳುವುದಿಲ್ಲ. ಶಾಲೆಯ ಬಯಲೇ ಮೊದಲು. ಆದರೆ ಗೆದ್ದವನಿಗೆ ಹಾರ ಹಾಕಿ ಫೋಟೋ ತೆಗೆಸಿಕೊಳ್ಳುವ ಸರ್ಕಾರವೂ ಸಂಸ್ಥೆಯೂ ಅವನನ್ನು ದೇಶದ ಆಳೆಂದು ಹೇಳಿಕೊಳ್ಳುವುದಾದರೆ, ಅವನು ಬಿದ್ದಾಗಲೂ ದೇಶದ ಆಳೇ ಆಗಿರಬೇಕು. ಇದಕ್ಕೆ ದಾನ ಬೇಕಿಲ್ಲ. ಯಾವ ಕ್ರಮಾಂಕದವರಿಗೆ ಎಷ್ಟು ನೆರವು ಎಂಬ ನಿಯಮ ಮೊದಲೇ ಅಚ್ಚಾಗಿ ಎಲ್ಲರಿಗೂ ಕಾಣುವಂತಿರಲಿ. ದೇಶಕ್ಕಾಗಿ ಆಡುವ ವಾರದ ಕೂಲಿ ಬರಹದ ಕರಾರಿನಲ್ಲಿರಲಿ. ಗಾಯಗೊಂಡ ಆಟಗಾರನಿಗೆ ಒಂದು ವರ್ಷ ಚಿಕಿತ್ಸೆಯೂ ಜೀವನಾಂಶವೂ ಹಕ್ಕಾಗಿ ಸಿಕ್ಕಲಿ. ಮುಂದೆ ಅವನ ಬಹುಮಾನ ಒಂದು ಮಿತಿ ದಾಟಿದರೆ, ಪಡೆದದ್ದರಲ್ಲಿ ಒಂದು ಪಾಲನ್ನು ಅದೇ ನಿಧಿಗೆ ಹಿಂದಿರುಗಿಸಲಿ. ಆ ಹಣ ಜಿಲ್ಲಾ ಊರುಗಳ ಸಾರ್ವಜನಿಕ ಅಂಗಣಗಳಿಗೆ ಹೋಗಲಿ. ಹಾಗಾದರೆ ಶಾಲೆಯ ಬಯಲಿಗೂ ಆಟಗಾರನ ಕೂಲಿಗೂ ಜಗಳವಿರುವುದಿಲ್ಲ.

2025ರಲ್ಲಿ ನಾಗಲ್ ಅವರು ಮತ್ತೆ ಮೊದಲ ನೂರರಿಂದ ಹೊರಗೆ ಬಿದ್ದರು. ಹಿಂದಿನ ವರ್ಷ ಮೆಲ್ಬರ್ನಿನಲ್ಲಿ ಗಳಿಸಿದ ಅಂಕಗಳ ಅವಧಿ ಮುಗಿಯಿತು, ಅಷ್ಟೇ ಅಂಕ ಹೊಸದಾಗಿ ಬರಲಿಲ್ಲ. ದಪ್ಪಕ್ಷರದ ಸುದ್ದಿಗಳೂ ವಿರಳವಾದವು. ಅವರು ಮತ್ತೆ ಏರಬಹುದು, ಏರದೆಯೂ ಇರಬಹುದು, ಅದು ಆಟ. ಇಂದು ಯಾವುದೋ ಊರಿನ ಉಪಾಧ್ಯಾಯರ, ಜವಾನರ, ನೇಕಾರರ ಮಗಳೋ ಮಗನೋ ರಾಕೆಟ್ಟು ಹಿಡಿದಿದ್ದರೆ, ಆ ಮಗುವಿನ ತಂದೆತಾಯಿ ಸಾಲ ಮಾಡುವ ಮೊದಲು ನೆರವಿನ ನಿಯಮವನ್ನು ಕಾಗದದ ಮೇಲೆ ಓದಿಕೊಳ್ಳುವಂತಾಗಬೇಕು. ಅಂಥ ಕಾಗದವನ್ನು ಹೊರಡಿಸುವಂತೆ ಸಂಸ್ಥೆಯನ್ನೂ ಸರ್ಕಾರವನ್ನೂ ನಾವು ಒತ್ತಾಯಿಸುತ್ತೇವೆ.