ಹೋಬಳಿಗೊಂದೇ ಲಿನಕ್ಸ್ ಇರಲಿ

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಉಚಿತ ಭದ್ರತಾ ಅಪ್‌ಡೇಟ್‌ಗಳು ನಿಂತವು. ಹೆಸರು ನೋಂದಾಯಿಸಿಕೊಂಡವರಿಗೆ ಇನ್ನೊಂದು ವರ್ಷದ ಗಡುವು ಸಿಕ್ಕಿತು, ಅದೂ 2026ರ ಅಕ್ಟೋಬರ್‌ವರೆಗೆ ಮಾತ್ರ. ಆಗಿನಿಂದ ನಮ್ಮ ಕಡೆ ಎಲ್ಲಿ ಹೋದರೂ ಒಂದೇ ಪ್ರಶ್ನೆ: ‘ಸರ್, ಕಂಪ್ಯೂಟರ್ ಚಲೋ ನಡೀಲತ್ತದ, ಆದ್ರ ಇದು ಬಂದ್ ಆಗ್ತದ ಅಂತ ಬರ್ಲತ್ತದ. ಏನ್ ಮಾಡ್ಬೇಕ್ರಿ?’ ಬೀದರ್ ಜಿಲ್ಲೆಯ ನಿರ್ಣಾದ ಮನೆಯಾಗಲಿ, ಹುಮನಾಬಾದಿನ ಅಂಗಡಿಯಾಗಲಿ, ಬಸವಕಲ್ಯಾಣದ ಟ್ಯೂಷನ್ ಕ್ಲಾಸಾಗಲಿ, ಇರುವ ಯಂತ್ರಗಳು ಬಹುಪಾಲು ಸೆಕೆಂಡ್ ಹ್ಯಾಂಡ್, ನಾಲ್ಕನೆಯ ಅಥವಾ ಆರನೆಯ ತಲೆಮಾರಿನ ಇಂಟೆಲ್ ಪ್ರೊಸೆಸರ್‌ನವು. ವಿಂಡೋಸ್ 11 ಕೇಳುವುದು ಎಂಟನೆಯ ತಲೆಮಾರಿನಿಂದ ಈಚಿನವನ್ನು, ಜೊತೆಗೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ಪನ್ನು. ಗಟ್ಟಿಮುಟ್ಟಾಗಿ ಓಡುವ ಯಂತ್ರ ಗುಜರಿಗೆ ಹೋಗುವ ಹೊತ್ತು ಬಂದಿದೆ.

ಹೋಗಬೇಕಿಲ್ಲ, ಲಿನಕ್ಸ್ ಹಾಕಿಸಿ ಎನ್ನುತ್ತೇನೆ. ಒಪ್ಪಿಕೊಂಡವರು ಮರುಗಳಿಗೆಯಲ್ಲೇ ಕೇಳುತ್ತಾರೆ, ಯಾವ ಲಿನಕ್ಸ್? ಅಲ್ಲಿಯೇ ಹೆಚ್ಚಿನವರು ಸೋತು ಹಿಂದೆ ಸರಿಯುವುದು. ಯೂಟ್ಯೂಬ್ ತೆರೆದರೆ ದಿನಕ್ಕೊಂದು ಹೊಸ ಹೆಸರು, ಪ್ರತಿಯೊಂದೂ ಉಳಿದೆಲ್ಲವುಗಳಿಗಿಂತ ಉತ್ತಮವಂತೆ. ಹುಡುಗರು ವಾರಕ್ಕೊಂದನ್ನು ಹಾಕಿ ಅಳಿಸುತ್ತಾರೆ. ಕೊನೆಗೆ ಮನೆಯವರು ಬೇಸತ್ತು ಹಳೆಯ ವಿಂಡೋಸ್‌ನ ಕದ್ದ ಪ್ರತಿಯನ್ನೇ ಮತ್ತೆ ಹಾಕಿಸಿಕೊಳ್ಳುತ್ತಾರೆ.

ಈ ಗೊಂದಲದ ಬುಡ ಸರಳವಾದದ್ದು. 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲೈನಸ್ ಟೊರ್ವಾಲ್ಡ್ಸ್ ಬರೆದದ್ದು ಯಂತ್ರದ ಒಳತಿರುಳನ್ನು ಮಾತ್ರ, ಅದನ್ನೇ ಕರ್ನಲ್ ಎನ್ನುವುದು. ಅದಕ್ಕೆ ಪರದೆ, ಕಡತ ನೋಡುವ ಸಾಧನ, ಬ್ರೌಸರ್, ಫಾಂಟ್ ಎಲ್ಲವನ್ನೂ ಸೇರಿಸಿ ಬಳಸಲು ಸಿದ್ಧವಾಗಿ ಕೊಟ್ಟರೆ ಅದೊಂದು ಡಿಸ್ಟ್ರೊ. ಸೇರಿಸುವವರು ನೂರಾರು ಮಂದಿ ಇರುವುದರಿಂದ ಡಿಸ್ಟ್ರೊಗಳೂ ನೂರಾರು. ಆದರೆ ಮನೆತನಗಳು ಕೆಲವೇ. 1993ರಲ್ಲಿ ಇಯಾನ್ ಮರ್ಡಾಕ್ ಶುರುಮಾಡಿದ ಡೆಬಿಯನ್, ಅದರ ಮೇಲೆ 2004ರಲ್ಲಿ ಕಟ್ಟಿದ ಉಬುಂಟು, ಉಬುಂಟು ಮೇಲೆ 2006ರಲ್ಲಿ ಹುಟ್ಟಿದ ಮಿಂಟ್ ಮೂರೂ ಒಂದೇ ಮನೆಯವು. ಒಂದರಲ್ಲಿ ಕಲಿತ ಆಜ್ಞೆ ಇನ್ನೊಂದರಲ್ಲೂ ನಡೆಯುತ್ತದೆ, ಒಂದಕ್ಕೆ ಸಿಕ್ಕ ಪರಿಹಾರ ಇನ್ನೊಂದಕ್ಕೂ ಹೆಚ್ಚುಕಡಿಮೆ ಹೊಂದುತ್ತದೆ.

ನಮ್ಮ ರೈತರು ಟ್ರ್ಯಾಕ್ಟರ್ ಕೊಳ್ಳುವ ರೀತಿ ನೋಡಿ. ಎಷ್ಟು ಹಾರ್ಸ್‌ಪವರ್ ಎಂದು ಕೇಳುತ್ತಾರೆ, ನಿಜ. ಅದಕ್ಕೂ ಮುಂಚೆ ಪಾರ್ಟು ಹುಮನಾಬಾದಿನಲ್ಲಿ ಸಿಗುತ್ತದೆಯೇ, ರಿಪೇರಿ ಬಲ್ಲ ಮಿಸ್ತ್ರಿ ಊರಲ್ಲಿದ್ದಾನೆಯೇ, ಪಕ್ಕದ ಹೊಲದವರ ಬಳಿ ಅದೇ ಗಾಡಿ ಇದೆಯೇ ಎಂದು ವಿಚಾರಿಸುತ್ತಾರೆ. ಡಿಸ್ಟ್ರೊ ಆರಿಸುವುದಕ್ಕೆ ಇದಕ್ಕಿಂತ ಒಳ್ಳೆಯ ಕ್ರಮ ನನಗೆ ತಿಳಿಯದು. ಒಬ್ಬೊಬ್ಬರು ಒಂದೊಂದನ್ನು ಆರಿಸುವುದಕ್ಕಿಂತ ಒಂದು ಹೋಬಳಿಯ ಶಾಲೆ, ಗ್ರಂಥಾಲಯ, ಮನೆಗಳು ಒಂದೇ ಡಿಸ್ಟ್ರೊಗೆ ಅಂಟಿಕೊಳ್ಳುವುದು ಮೇಲು. ಆಗ ನಿರ್ಣಾದ ಒಬ್ಬ ಪಿಯುಸಿ ಹುಡುಗಿ ಕಲಿತದ್ದು ಹತ್ತು ಮನೆಗೆ ಆಗುತ್ತದೆ.

ಮನೆಯ ಕಂಪ್ಯೂಟರಿಗೆ ನನ್ನ ಮತ ಲಿನಕ್ಸ್ ಮಿಂಟ್‌ಗೆ. ವಿಂಡೋಸ್ ಬಳಸಿದವರಿಗೆ ಕೆಳಗಿನ ಪಟ್ಟಿ, ಎಡಮೂಲೆಯ ಮೆನು ಎಲ್ಲ ಪರಿಚಿತವಾಗಿಯೇ ಕಾಣುತ್ತವೆ. ಮಿಂಟ್ 22ರ ಸಾಲಿನ ಆವೃತ್ತಿಗಳು 2024ರ ಏಪ್ರಿಲ್‌ನಲ್ಲಿ ಬಂದ ಉಬುಂಟು 24.04ರ ಮೇಲೆ ನಿಂತಿರುವುದರಿಂದ 2029ರವರೆಗೆ ಭದ್ರತಾ ಅಪ್‌ಡೇಟ್ ಬರುತ್ತದೆ. 4 ಜಿಬಿ ರ‍್ಯಾಮ್ ಇರುವ ಯಂತ್ರಕ್ಕೆ ಅದರ ಎಕ್ಸ್‌ಎಫ್‌ಸಿಇ ಆವೃತ್ತಿ ಹಗುರ, 8 ಜಿಬಿ ಇದ್ದರೆ ಸಿನಮನ್ ಆವೃತ್ತಿ ಹಾಕಬಹುದು. ಫೆಡೋರಾ ಎಂಬ ಡಿಸ್ಟ್ರೊ ಒಳ್ಳೆಯದೇ, ಆದರೆ ಅದರ ಒಂದೊಂದು ಆವೃತ್ತಿಗೆ ಆಯುಸ್ಸು ಸುಮಾರು 13 ತಿಂಗಳು. ವರ್ಷಕ್ಕೊಮ್ಮೆ ದೊಡ್ಡ ಬದಲಾವಣೆ ಮಾಡುವ ವ್ಯವಧಾನ ಎಲ್ಲ ಮನೆಗೂ ಇರುವುದಿಲ್ಲ. ಹಳೆಯ ಹಾರ್ಡ್‌ಡಿಸ್ಕ್ ತೆಗೆದು ಎಸ್‌ಎಸ್‌ಡಿ ಕೂರಿಸುವುದನ್ನು ಮಾತ್ರ ಬಿಡಬೇಡಿ. ಯಾವ ಡಿಸ್ಟ್ರೊವೂ ಕೊಡಲಾರದ ವೇಗವನ್ನು ಆ ಒಂದು ಖರ್ಚು ಕೊಡುತ್ತದೆ.

ಹಾಕುವ ಮುಂಚೆ ಪೆನ್‌ಡ್ರೈವ್‌ನಿಂದಲೇ ಮಿಂಟ್ ಅನ್ನು ಓಡಿಸಿ ನೋಡಬಹುದು, ಡಿಸ್ಕ್‌ನಲ್ಲಿರುವುದು ಏನೂ ಕದಲುವುದಿಲ್ಲ. ವೈಫೈ ಹಿಡಿಯುತ್ತದೆಯೇ, ಸದ್ದು ಬರುತ್ತದೆಯೇ, ಪ್ರಿಂಟರ್ ಮುದ್ರಿಸುತ್ತದೆಯೇ ಎಂಬುದನ್ನು ಆಗಲೇ ತಿಳಿಯಬೇಕು. ಪ್ರಿಂಟರ್ ವಿಷಯದಲ್ಲಿ ಎಚ್ಚರ ಬೇಕು. ಜೆರಾಕ್ಸ್ ಅಂಗಡಿಗಳಲ್ಲಿ ಕಾಣುವ ಕ್ಯಾನನ್ ಎಲ್‌ಬಿಪಿ 2900 ತರಹದವು ನಡೆಯಲು ಬೇಕಾದ ಕ್ಯಾಪ್ಟ್ ಡ್ರೈವರ್ ಡಿಸ್ಟ್ರೊಗಳ ಜೊತೆ ಬರುವುದಿಲ್ಲ, ಅದನ್ನು ಬೇರೆಯಾಗಿ ತಂದು ಕೂರಿಸುವುದು ತಿಳಿದವರ ಕೆಲಸ. ಎಚ್‌ಪಿಯ ಬಹಳಷ್ಟು ಪ್ರಿಂಟರ್‌ಗಳು ತಂತಿ ಚುಚ್ಚಿದೊಡನೆ ಕೆಲಸ ಮಾಡುತ್ತವೆ. ವಿಂಡೋಸನ್ನೇ ನೆಚ್ಚಿದವರು, ಅಂದರೆ ಟ್ಯಾಲಿಯಲ್ಲೇ ಲೆಕ್ಕ ಬರೆಯುವ ಕಿರಾಣಿ ಸಗಟು ವ್ಯಾಪಾರಿ, ಪೇಜ್‌ಮೇಕರ್ ಮತ್ತು ಕೋರೆಲ್‌ಡ್ರಾದಲ್ಲಿ ಮದುವೆ ಕಾರ್ಡು ಮಾಡುವ ಡಿಟಿಪಿಯವರು, ಬೆರಳಗುರುತು ಓದುವ ಯಂತ್ರ ಇಟ್ಟುಕೊಂಡ ಸೇವಾ ಕೇಂದ್ರದವರು ದುಡಿಯುವ ಯಂತ್ರವನ್ನು ಈಗಲೇ ಬದಲಿಸುವುದು ಬೇಡ. ಮನೆಯಲ್ಲಿರುವ ಎರಡನೆಯದನ್ನು ಬದಲಿಸಿ ಕೈ ಪಳಗಿಸಿಕೊಳ್ಳಲಿ. 2024ರ ಜನವರಿಯಲ್ಲಿ ಬಂದ ಪುಟವಿನ್ಯಾಸದ ಮುಕ್ತ ತಂತ್ರಾಂಶ ಸ್ಕ್ರೈಬಸ್ 1.6 ಕನ್ನಡದ ಒತ್ತಕ್ಷರಗಳನ್ನು ಸರಿಯಾಗಿ ಕೂಡಿಸುತ್ತದೆ. ಪುಸ್ತಕ, ಕರಪತ್ರ ಮಾಡುವವರು ಅದನ್ನು ಒಮ್ಮೆ ಪರೀಕ್ಷಿಸಲೇಬೇಕು.

ಇನ್ನು ಕನ್ನಡದ ಮಾತು. ‘ಲಿನಕ್ಸ್‌ನಲ್ಲಿ ನುಡಿ ಇಲ್ಲವಲ್ಲ’ ಎಂಬ ಹಿಂಜರಿಕೆ ನಮ್ಮಲ್ಲಿ ಇನ್ನೂ ಗಟ್ಟಿಯಾಗಿದೆ. ಕನ್ನಡ ಟೈಪಿಂಗ್ ತಂತ್ರಾಂಶವಾದ ಆ ನುಡಿಯ ಬೇರೇ ಅಲ್ಲಿ ಸಿಗುತ್ತದೆ. ಕೆ.ಪಿ. ರಾವ್ ಅವರು ರೂಪಿಸಿದ, ಆಮೇಲೆ ಕನ್ನಡ ಗಣಕ ಪರಿಷತ್ತಿನ ಹೆಸರಿನಲ್ಲಿ ಕಗಪ ಎಂದು ರೂಢಿಗೆ ಬಂದ ಕೀಲಿಮಣೆ ವಿನ್ಯಾಸ ಲಿನಕ್ಸ್‌ನ ಮೂಲ ಕೀಲಿಮಣೆ ಪಟ್ಟಿಯೊಳಗೇ ಇದೆ. ಯಾವುದನ್ನೂ ಡೌನ್‌ಲೋಡ್ ಮಾಡದೆ ಭಾರತೀಯ ಭಾಷೆಗಳ ಸಾಲಿನಲ್ಲಿ ಆರಿಸಿಕೊಳ್ಳಬಹುದು. ಒಂದೇ ತೊಡಕು, ಅದರಲ್ಲಿ ಪದದ ಮೊದಲಿಗೆ ಬರುವ ಸ್ವರಾಕ್ಷರಕ್ಕೆ ಬಲಗಡೆಯ ಆಲ್ಟ್ ಕೀಲಿ ಜೊತೆಗೆ ಒತ್ತಬೇಕು. ನುಡಿಯಲ್ಲಿ ಬೆರಳು ಕುದುರಿದವರಿಗೆ ಇದು ಕಿರಿಕಿರಿ. ಅಂಥವರು ಐಬಸ್ ಮತ್ತು ಎಂ17ಎನ್ ಎಂಬ ಎರಡು ಪ್ಯಾಕೇಜ್ ಹಾಕಿಕೊಂಡು ಅದರಲ್ಲಿನ ಕೆಜಿಪಿ ವಿನ್ಯಾಸ ಆರಿಸಿದರೆ ಹಳೆಯ ಅಭ್ಯಾಸವೇ ಮುಂದುವರಿಯುತ್ತದೆ. ನಮ್ಮ ಜಿಲ್ಲೆಯ ಮನೆಗಳಲ್ಲಿ ಕನ್ನಡದ ಜೊತೆ ಉರ್ದು, ಮರಾಠಿಯೂ ನಡೆಯುತ್ತವೆ. ಅವನ್ನೂ ಅದೇ ಪಟ್ಟಿಗೆ ಸೇರಿಸಿ, ಒಂದು ಕೀಲಿ ಒತ್ತಿ ಲಿಪಿ ಬದಲಿಸಬಹುದು.

ಫಾಂಟುಗಳ ಹಿಂದೆಯೂ ನಮ್ಮವರ ದುಡಿಮೆ ಇದೆ. ಅರವಿಂದ ವಿ.ಕೆ. ಅವರ ‘ಗುಬ್ಬಿ’ ಮತ್ತು ‘ನವಿಲು’ ಫಾಂಟುಗಳು ಡೆಬಿಯನ್‌ನ ಭಂಡಾರದಲ್ಲಿವೆ, ಅಲ್ಲಿಂದ ಉಬುಂಟು, ಮಿಂಟ್ ಬಳಸುವ ಜಗತ್ತಿನ ಎಲ್ಲರಿಗೂ ಸಿಗುತ್ತವೆ. ಹತ್ತಿಪ್ಪತ್ತು ವರ್ಷ ಹಿಂದಿನ ನುಡಿ, ಬರಹ ತಂತ್ರಾಂಶಗಳ ಕಡತಗಳ ಪ್ರಶ್ನೆ ಬೇರೆ. ಅವು ಯುನಿಕೋಡ್ ಅಲ್ಲ, ಅವುಗಳದೇ ಫಾಂಟ್ ಇಲ್ಲದೆ ತೆರೆದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತದೆ. ಬಸವಕಲ್ಯಾಣದ ಕಡೆ ಮಠಗಳ, ಸಂಘಗಳ, ಜಾತ್ರಾ ಸಮಿತಿಗಳ ಸ್ಮರಣ ಸಂಚಿಕೆಗಳು ಇಂಥ ಕಡತಗಳಲ್ಲೇ ಉಳಿದುಬಿಟ್ಟಿದ್ದರೆ ಅವನ್ನು ಇಂದೇ ಬದಲಿಸಿಡಬೇಕು. ಅದಕ್ಕೆ ಬೇಕಾದ ಪರಿವರ್ತಕವನ್ನೂ ಅರವಿಂದ ಅವರೇ ಮುಕ್ತ ತಂತ್ರಾಂಶವಾಗಿ ಬರೆದುಕೊಟ್ಟಿದ್ದಾರೆ. ಕಲ್ಯಾಣದ ಶರಣರ ಇಪ್ಪತ್ತು ಸಾವಿರಕ್ಕೂ ಹೆಚ್ಚು ವಚನಗಳನ್ನು ಪದ ಹುಡುಕಿ ಓದುವಂತೆ ಮಾಡಿದ ‘ವಚನ ಸಂಚಯ’ ಯೋಜನೆ ಬೆಳೆದದ್ದು ಇಂಥ ಮುಕ್ತ ತಂತ್ರಾಂಶದ ಗೆಳೆಯರಿಂದ. ಲಿನಕ್ಸ್ ಹೊರಗಿನವರ ವಸ್ತು ಎನ್ನುವವರಿಗೆ ಇದನ್ನು ತೋರಿಸುತ್ತೇನೆ.

ಹಳೆಯ ಯಂತ್ರವನ್ನು ಮನೆಯ ಸರ್ವರ್ ಆಗಿಯೂ ದುಡಿಸಬಹುದು. ಸರ್ವರ್ ಎಂದರೆ ದೊಡ್ಡ ಮಾತಲ್ಲ. ದಿನವಿಡೀ ಚಾಲೂ ಇದ್ದು ಮನೆಮಂದಿಯ ಫೋಟೊ, ಪಹಣಿ, ಅಂಕಪಟ್ಟಿ, ಭಜನೆ ಹಾಡು, ಸಿನಿಮಾ ಎಲ್ಲವನ್ನೂ ಒಂದು ಕಡೆ ಇಟ್ಟುಕೊಂಡು ಎಲ್ಲರ ಮೊಬೈಲಿಗೆ ಕೊಡುವ ಯಂತ್ರ, ಅಷ್ಟೇ. ಇದಕ್ಕೆ ಮಿಂಟ್‌ನದೇ ಮನೆತನದ ಡೆಬಿಯನ್ ಬಿಟ್ಟು ಬೇರೆ ಹೆಸರು ಹೇಳಲಾರೆ. 2025ರ ಆಗಸ್ಟ್ 9ರಂದು ಬಂದ ಡೆಬಿಯನ್ 13ಕ್ಕೆ ಮೊದಲ ಮೂರು ವರ್ಷ, ಆಮೇಲೆ ದೀರ್ಘಾವಧಿ ತಂಡದಿಂದ ಎರಡು ವರ್ಷ, ಒಟ್ಟು ಐದು ವರ್ಷ ಅಪ್‌ಡೇಟ್ ಉಂಟು. ನಡುವೆ ಯಾವ ಹೊಸತನವೂ ಬಂದು ಕಾಡುವುದಿಲ್ಲ. ಸರ್ವರಿಗೆ ಬೇಕಾದದ್ದೇ ಆ ಸ್ಥಿರತೆ. ಪೆಂಟಿಯಂ 4 ಕಾಲದ 32 ಬಿಟ್ ಯಂತ್ರಕ್ಕೆ ಮಾತ್ರ 13 ಹಾಕಲಾಗದು, ಅಂಥದ್ದನ್ನು ಈಗ ವಿಶ್ರಾಂತಿಗೆ ಬಿಡುವುದೇ ಲೇಸು.

ಯಂತ್ರ ಯಾವುದಿರಬೇಕು ಎಂಬುದನ್ನು ನಮ್ಮಲ್ಲಿ ಕರೆಂಟೇ ತೀರ್ಮಾನಿಸುತ್ತದೆ. ಹಳೆಯ ಡೆಸ್ಕ್‌ಟಾಪ್ 60 ವಾಟ್ ಎಳೆದರೆ ತಿಂಗಳಿಗೆ 43 ಯೂನಿಟ್. 15 ವಾಟ್‌ನಲ್ಲಿ ಸುಮ್ಮನೆ ಕೂರುವ ಲ್ಯಾಪ್‌ಟಾಪ್ ಆದರೆ ಸುಮಾರು 11. ಸರ್ಕಾರದ ಗೃಹಜ್ಯೋತಿ ಯೋಜನೆಯಲ್ಲಿ ಉಚಿತವಾಗಿ ಸಿಗುವ ಕರೆಂಟು ಮನೆಯ ಹಿಂದಿನ ಸರಾಸರಿಯ ಮೇಲೆ ಅಲ್ಪಸ್ವಲ್ಪ ಮಾತ್ರ ಹೆಚ್ಚು, ಹಾಗಾಗಿ ಈ 32 ಯೂನಿಟ್ ವ್ಯತ್ಯಾಸ ಜೆಸ್ಕಾಂ ಬಿಲ್ಲಿನಲ್ಲಿ ಎದ್ದು ಕಾಣುತ್ತದೆ. ಲ್ಯಾಪ್‌ಟಾಪಿನ ಇನ್ನೊಂದು ಲಾಭ, ಕರೆಂಟು ಹೋದಾಗ ಅದರ ಬ್ಯಾಟರಿಯೇ ಯುಪಿಎಸ್. ಬರೆಯುತ್ತಿರುವಾಗ ಪಟ್ಟನೆ ಆರಿದರೆ ಡಿಸ್ಕ್‌ನ ಕಡತಗಳು ಕೆಡಬಹುದು. ಡೆಬಿಯನ್ ಬಳಸುವ ಎಕ್ಸ್‌ಟಿ4 ವ್ಯವಸ್ಥೆ ತನ್ನ ಕೆಲಸದ ದಿನಚರಿ ಬರೆದಿಡುವುದರಿಂದ ಬಹಳಷ್ಟು ಸಲ ತಾನೇ ಸುಧಾರಿಸಿಕೊಳ್ಳುತ್ತದೆ, ಆದರೂ ಬ್ಯಾಟರಿ ಇದ್ದರೆ ನೆಮ್ಮದಿ. ಮುಚ್ಚಳ ಮುಚ್ಚಿದಾಗ ನಿದ್ದೆಗೆ ಜಾರದಂತೆ ಸೆಟ್ಟಿಂಗ್‌ನಲ್ಲಿ ಒಂದು ಸಾಲು ಬದಲಿಸಬೇಕು. ಮತ್ತೊಂದು ಮಾತು, ಬೇಸಿಗೆಯಲ್ಲಿ ನಮ್ಮ ಕಡೆ ಉಷ್ಣಾಂಶ 40 ಡಿಗ್ರಿ ದಾಟುತ್ತದೆ. ತಗಡಿನ ಚಾವಣಿಯ ಕೆಳಗೆ, ಗೋಡೆಯ ಕಪಾಟಿನೊಳಗೆ ಇಡಬೇಡಿ. ಬ್ಯಾಟರಿ ಉಬ್ಬಿದ್ದು ಕಂಡರೆ ಅಂದೇ ತೆಗೆಸಿ. ಅದರಿಂದ ಬೆಂಕಿ ಹೊತ್ತಿಕೊಳ್ಳಬಹುದು.

ಸರ್ವರಿನ ಮೇಲೆ ಸಾಂಬಾ ಹಾಕಿದರೆ ಕಡತಗಳ ಹಂಚಿಕೆ ಆಯಿತು, ಜೆಲ್ಲಿಫಿನ್ ಹಾಕಿದರೆ ಟಿವಿಯಲ್ಲಿ ಹಾಡು, ಸಿನಿಮಾ. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಕಿವಿಕ್ಸ್. ಅದರಿಂದ ಕನ್ನಡ ವಿಕಿಪೀಡಿಯವನ್ನು ಇಡಿಯಾಗಿ ಒಂದೇ ಕಡತದಲ್ಲಿ ಇಳಿಸಿಕೊಂಡು ಇಂಟರ್ನೆಟ್ ಇಲ್ಲದೆಯೇ ಮನೆಯ ವೈಫೈನಲ್ಲಿ ಓದಬಹುದು. ರೀಚಾರ್ಜ್ ಮುಗಿದ ಮನೆಯ ಮಕ್ಕಳಿಗೂ ಪುಟ ತೆರೆದುಕೊಳ್ಳುತ್ತದೆ. ಹೊರಗಿನಿಂದ, ಅಂದರೆ ಹೈದರಾಬಾದಿನಲ್ಲೋ ಪುಣೆಯಲ್ಲೋ ದುಡಿಯುವ ಮಗನಿಗೆ ಮನೆಯ ಸರ್ವರ್ ಕಾಣಬೇಕೆಂದರೆ ತೊಡಕಿದೆ. ಬಹಳಷ್ಟು ಇಂಟರ್ನೆಟ್ ಕಂಪನಿಗಳು ಒಂದೇ ಸಾರ್ವಜನಿಕ ವಿಳಾಸವನ್ನು ನೂರಾರು ಗ್ರಾಹಕರಿಗೆ ಹಂಚುತ್ತವೆ, ಹೊರಗಿನಿಂದ ನೇರ ದಾರಿ ಇರುವುದಿಲ್ಲ. ಟೇಲ್‌ಸ್ಕೇಲ್‌ನಂಥ ಖಾಸಗಿ ಜಾಲದಿಂದ ಅದನ್ನು ದಾಟಬಹುದು. ಮೊದಲ ವರ್ಷ ಆ ಗೋಜಿಗೆ ಹೋಗದಿರುವುದೇ ಜಾಣತನ. ಹೊರಗೆ ಬಾಗಿಲಿಲ್ಲದ ಸರ್ವರಿಗೆ ಕಳ್ಳರ ಕಾಟವೂ ಕಡಿಮೆ. ಎಲ್ಲ ಫೋಟೊಗಳ ಇನ್ನೊಂದು ಪ್ರತಿಯನ್ನು ಬೇರೆ ಡಿಸ್ಕ್‌ಗೆ ಹಾಕಿ ಸಂಬಂಧಿಕರ ಮನೆಯಲ್ಲಿಡಿ. ಸರ್ವರ್ ಇದೆ ಎಂಬ ಧೈರ್ಯದಲ್ಲಿ ಫೋನಿನಿಂದ ಅಳಿಸಿ, ಆಮೇಲೆ ಆ ಒಂದೇ ಡಿಸ್ಕ್ ಕೆಟ್ಟರೆ ಹೋದದ್ದು ಮರಳುವುದಿಲ್ಲ.

ಒಂದೇ ಡಿಸ್ಟ್ರೊ ಎಂಬ ನನ್ನ ವಾದಕ್ಕೆ ಕೇರಳದ ಕಾಸರಗೋಡು ಆಧಾರ. ಮಂಜೇಶ್ವರದ ಕಡೆ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗೆ ಹೋಗುವ ಮಗು ಕಂಪ್ಯೂಟರ್ ಪಾಠ ಕಲಿಯುವುದು ಲಿನಕ್ಸ್ ಮೇಲೆ, ಪಠ್ಯಪುಸ್ತಕ ಇರುವುದು ಕನ್ನಡದಲ್ಲಿ. ಕೇರಳ 2001ರಲ್ಲಿ ಐಟಿ ಅಟ್ ಸ್ಕೂಲ್ ಯೋಜನೆ ಶುರುಮಾಡಿ, ಮುಂದೆ ಶಾಲೆಗಳನ್ನು ಮುಕ್ತ ತಂತ್ರಾಂಶಕ್ಕೆ ಹೊರಳಿಸಿತು. 2017ರಲ್ಲಿ ಆ ಯೋಜನೆ ಕೈಟ್ ಎಂಬ ಸರ್ಕಾರಿ ಕಂಪನಿಯಾಯಿತು. ಉಬುಂಟುವನ್ನು ಶಾಲೆಗೆ ಹೊಂದುವಂತೆ ತಿದ್ದಿ ಕೈಟ್ ತನ್ನದೇ ಡಿಸ್ಟ್ರೊ ಕೊಡುತ್ತದೆ. 2 ಲಕ್ಷದಷ್ಟು ಶಾಲಾ ಕಂಪ್ಯೂಟರುಗಳಲ್ಲಿ ಇದರಿಂದ 3,000 ಕೋಟಿ ರೂಪಾಯಿ ಪರವಾನಗಿ ಖರ್ಚು ಉಳಿಯಿತೆಂದು 2019ರಲ್ಲಿ ಅದು ಹೇಳಿತು. ಹಣಕ್ಕಿಂತ ನನಗೆ ಹೆಚ್ಚು ಕಾಣುವುದು ಇನ್ನೊಂದು ಸಂಗತಿ. ಒಂದು ಶಾಲೆಯ ಮೇಷ್ಟ್ರು ಬಿಡಿಸಿದ ಕಗ್ಗಂಟು ಮರುದಿನ ರಾಜ್ಯದ ಎಲ್ಲ ಶಾಲೆಗೂ ಉತ್ತರವಾಗುತ್ತದೆ, ಎಲ್ಲರ ಪರದೆಯೂ ಒಂದೇ ಆಗಿರುವುದರಿಂದ.

ಕರ್ನಾಟಕಕ್ಕೆ ಇದು ಹೊಸದಲ್ಲ. ರಾಜ್ಯದ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆಯಾದ ಡಿಎಸ್‌ಇಆರ್‌ಟಿ ಮತ್ತು ಐಟಿ ಫಾರ್ ಚೇಂಜ್ ಎಂಬ ಸ್ವಯಂಸೇವಾ ಸಂಸ್ಥೆ ಸೇರಿ ನಡೆಸಿದ ವಿಷಯ ಶಿಕ್ಷಕರ ವೇದಿಕೆಯಲ್ಲಿ ಸರ್ಕಾರಿ ಪ್ರೌಢಶಾಲೆಗಳ ಶಿಕ್ಷಕರು ಉಬುಂಟು ಮೇಲೆ ಗಣಿತದ ಜಿಯೋಜಿಬ್ರಾ ತಂತ್ರಾಂಶ ಕಲಿತರು. ಅಂದು ಕಲಿತವರು ಇಂದಿಗೂ ಶಾಲೆಗಳಲ್ಲಿದ್ದಾರೆ. ನಮ್ಮ ಭಾಗಕ್ಕಂತೂ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯೇ ಇದೆ, ಪಂಚಾಯಿತಿಗೊಂದು ಅರಿವು ಕೇಂದ್ರ, ಅಂದರೆ ಗ್ರಂಥಾಲಯವಿದೆ. ಇನ್ನು ಮುಂದೆ ಬೀದರ್ ಜಿಲ್ಲೆಯ ಶಾಲೆ, ಗ್ರಂಥಾಲಯಕ್ಕೆ ಕಂಪ್ಯೂಟರ್ ಕೊಳ್ಳುವ ಟೆಂಡರಿನಲ್ಲಿ ಈ ಷರತ್ತುಗಳನ್ನು ಸೇರಿಸಬೇಕೆಂದು ಮಂಡಳಿಯನ್ನು ಕೇಳುತ್ತೇನೆ: ಎಲ್ಲಕ್ಕೂ ಒಂದೇ ಡಿಸ್ಟ್ರೊ, ಕಗಪ ಕೀಲಿಮಣೆ ಮತ್ತು ಕಿವಿಕ್ಸ್ ಮೊದಲೇ ಹಾಕಿರಬೇಕು, ಲಿನಕ್ಸ್‌ನಲ್ಲಿ ನಡೆಯುವುದೆಂದು ತೋರಿಸಿದ ಪ್ರಿಂಟರ್ ಮಾತ್ರ ಕೊಳ್ಳಬೇಕು, ಪ್ರತಿ ಹೋಬಳಿಯಲ್ಲಿ ಇಬ್ಬರಿಗೆ ಆ ಡಿಸ್ಟ್ರೊ ಹಾಕಿ ಸರಿಪಡಿಸುವ ತರಬೇತಿ ಕೊಡಬೇಕು, ಆ ಇಬ್ಬರಲ್ಲಿ ಒಬ್ಬರು ಹೆಣ್ಣುಮಗಳಾಗಿರಬೇಕು.