ನಿಷ್ಠೆಯನ್ನು ಪಾಸ್‌ಪೋರ್ಟಿನಲ್ಲಿ ಹುಡುಕಿದವರು

2007ರ ಫೆಬ್ರುವರಿಯಲ್ಲಿ ನೆದರ್ಲೆಂಡ್ಸ್‌ನಲ್ಲಿ ಹೊಸ ಸಮ್ಮಿಶ್ರ ಸರ್ಕಾರ ಬಂದಾಗ ನ್ಯಾಯ ಇಲಾಖೆಯ ರಾಜ್ಯ ಸಚಿವೆಯಾದವರು ನೆಬಾಹತ್ ಅಲ್ಬಾಯ್ರಾಕ್. ಟರ್ಕಿಯಲ್ಲಿ 1968ರಲ್ಲಿ ಹುಟ್ಟಿ, ಮಗುವಾಗಿದ್ದಾಗಲೇ ರಾಟರ್‌ಡ್ಯಾಮ್‌ಗೆ ಬಂದು, ಲೈಡನ್ ವಿಶ್ವವಿದ್ಯಾಲಯದಲ್ಲಿ ಕಾನೂನು ಓದಿ, 1998ರಲ್ಲೇ ಲೇಬರ್ ಪಕ್ಷದಿಂದ ಸಂಸದೆಯಾಗಿದ್ದವರು. ವಲಸೆ ಮತ್ತು ಆಶ್ರಯದ ವಿಷಯಗಳೆಲ್ಲ ಅವರ ಮೇಜಿಗೇ ಬರುತ್ತಿದ್ದವು. ಆದರೆ ಅವರು ಒಂದು ಕಡತ ಬಿಡಿಸುವ ಮೊದಲೇ ವಲಸೆ ವಿರೋಧಿ ನಾಯಕ ಗೀರ್ಟ್ ವಿಲ್ಡರ್ಸ್ ಅವರ ಪಕ್ಷ ಅವಿಶ್ವಾಸ ನಿರ್ಣಯ ಮಂಡಿಸಿತು. ಅಲ್ಬಾಯ್ರಾಕ್ ಅವರ ಬಳಿ ಟರ್ಕಿಯ ಪೌರತ್ವವೂ ಇದೆ ಎಂಬುದೇ ಆಕ್ಷೇಪ. ಮೊರೊಕ್ಕೊದಲ್ಲಿ ಹುಟ್ಟಿದ ಇನ್ನೊಬ್ಬ ರಾಜ್ಯ ಸಚಿವ ಅಹ್ಮದ್ ಅಬೂತಾಲೇಬ್ ಅವರ ಮೇಲೂ ಅದೇ ಆರೋಪ. ಸದನ ನಿರ್ಣಯವನ್ನು ತಳ್ಳಿಹಾಕಿತು. ಹಾಗೆ ಮಾಡಿದ್ದು ಕೇವಲ ಸೌಜನ್ಯವಲ್ಲ, ತತ್ವದ ದೃಷ್ಟಿಯಿಂದಲೂ ಸರಿ ಎಂದು ನಾನು ನಂಬುತ್ತೇನೆ.

ಅಧಿಕಾರದಲ್ಲಿರುವವರ ನಿಷ್ಠೆ ಗೊತ್ತಾಗುವುದು ಅವರ ತೀರ್ಮಾನಗಳಿಂದ. ಅಲ್ಬಾಯ್ರಾಕ್ ಅವರ ಹೆಸರಿನೊಂದಿಗೆ ಇಂದಿಗೂ ಅಂಟಿಕೊಂಡಿರುವುದು 2007ರ ಸಾಮೂಹಿಕ ಕ್ಷಮಾದಾನ. 2001ರ ಏಪ್ರಿಲ್ 1ಕ್ಕೂ ಮೊದಲು ಆಶ್ರಯ ಕೋರಿ, ವರ್ಷಗಟ್ಟಲೆ ಅತಂತ್ರರಾಗಿದ್ದ 27 ಸಾವಿರಕ್ಕೂ ಹೆಚ್ಚು ಜನರಿಗೆ ಅದರಿಂದ ವಾಸದ ಪರವಾನಗಿ ಸಿಕ್ಕಿತು. ವಲಸೆ ಬಂದವಳೊಬ್ಬಳು ವಲಸಿಗರಿಗೆ ಬಾಗಿಲು ತೆರೆದಳು ಎಂದು ಇದನ್ನು ಓದುವವರಿದ್ದಾರೆ. ದಾಖಲೆ ಹಾಗೆ ಹೇಳುವುದಿಲ್ಲ. ಹಿಂದಿನ ಸಚಿವೆ ರೀಟಾ ವೆರ್ಡೊಂಕ್ ಒಪ್ಪದೇ ಇದ್ದ ಈ ಕ್ರಮಕ್ಕೆ 2006ರ ಕೊನೆಯಲ್ಲೇ ಸದನದ ಬಹುಮತ ಒತ್ತಾಯಿಸಿತ್ತು. ಮೂರು ಪಕ್ಷಗಳ ಸಮ್ಮಿಶ್ರ ಒಪ್ಪಂದದಲ್ಲಿ ಅದು ಸೇರಿತ್ತು. ಜಾರಿಯ ವಿವರಗಳನ್ನು ನೋಡಿ. ಅರ್ಜಿದಾರರು ಅಷ್ಟೂ ವರ್ಷ ದೇಶದಲ್ಲೇ ಇದ್ದರೆಂದು ಎಷ್ಟೋ ಪ್ರಕರಣಗಳಲ್ಲಿ ಊರಿನ ಮೇಯರ್ ಬರೆದುಕೊಡಬೇಕಿತ್ತು. ಗಂಭೀರ ಅಪರಾಧ ಮಾಡಿದವರಿಗೆ, ಯುದ್ಧಾಪರಾಧದ ಶಂಕೆ ಇದ್ದವರಿಗೆ ಅವಕಾಶವಿರಲಿಲ್ಲ. ಇದಕ್ಕೆ ಪ್ರತಿಯಾಗಿ, ತಿರಸ್ಕೃತ ಅರ್ಜಿದಾರರಿಗೆಂದು ನಡೆಸುತ್ತಿದ್ದ ತುರ್ತು ಆಶ್ರಯಗಳನ್ನು ಮುಚ್ಚಲು ಸ್ಥಳೀಯ ಸಂಸ್ಥೆಗಳು ಒಪ್ಪಬೇಕಾಯಿತು. ಕರುಣೆಯ ಜೊತೆಗೆ ಕಟ್ಟುನಿಟ್ಟನ್ನೂ ಹೆಣೆದ, ಕಾನೂನು ಓದಿದವರ ಕೈಯ ಗುರುತಿರುವ ಒಪ್ಪಂದವದು.

ಕನ್ನಡದ ಓದುಗರಿಗೆ ಒಂದು ಸಂದೇಹ ಸಹಜವಾಗಿಯೇ ಬರಬಹುದು. ನಮ್ಮ ಸಂವಿಧಾನದ 9ನೇ ವಿಧಿ ಎರಡು ಪೌರತ್ವವನ್ನು ಒಪ್ಪುವುದಿಲ್ಲ. ಐಂಡ್‌ಹೋವನ್‌ನಲ್ಲಿ ಎಂಜಿನಿಯರಾಗಿರುವ ಕನ್ನಡಿಗರು ಡಚ್ ಪೌರತ್ವ ಪಡೆದರೆ ಭಾರತದ್ದು ಹೋಗುತ್ತದೆ. ಹಾಗಿರುವಾಗ ಸಚಿವರಾಗುವವರು ಇನ್ನೊಂದನ್ನು ಬಿಟ್ಟರೇನು? ಇದು ತೂಕದ ಪ್ರಶ್ನೆ. ಎಲ್ಲರಿಗೂ ಅನ್ವಯಿಸುವ ಕಾನೂನನ್ನು ಸಂಸತ್ತು ಮಾಡಿದರೆ ಅದಕ್ಕೆ ತಲೆಬಾಗಲೇಬೇಕು. ಅಂಥ ಕಾನೂನು ಇಲ್ಲದಾಗ ಇಬ್ಬರನ್ನು ಬೊಟ್ಟು ಮಾಡಿ ತೋರಿಸುವುದು ಬೇರೆ ಮಾತು. ಮೊರೊಕ್ಕೊ ತನ್ನ ಪ್ರಜೆಗಳಿಗೆ ಪೌರತ್ವ ಬಿಡಲು ಪ್ರಾಯೋಗಿಕವಾಗಿ ಅವಕಾಶವನ್ನೇ ಕೊಡುವುದಿಲ್ಲ. ಅಬೂತಾಲೇಬ್ ಬಯಸಿದರೂ ಈ ಷರತ್ತು ಪೂರೈಸುವಂತಿರಲಿಲ್ಲ. 2010ರಲ್ಲಿ ಬಂದ ಸರ್ಕಾರದ ಒಬ್ಬ ರಾಜ್ಯ ಸಚಿವೆಗೆ ಸ್ವೀಡನ್ನಿನ ಪೌರತ್ವವೂ ಇತ್ತು. ಆ ಸರ್ಕಾರ ನಿಂತಿದ್ದು ವಿಲ್ಡರ್ಸ್ ಪಕ್ಷದ ಹೊರಗಿನ ಬೆಂಬಲದ ಮೇಲೆ. ಪಕ್ಷ ಆಕ್ಷೇಪವೆತ್ತಿತು, ಆದರೆ ಬೆಂಬಲ ಹಿಂತೆಗೆದುಕೊಳ್ಳಲಿಲ್ಲ. ತತ್ವ ಅಷ್ಟು ದೊಡ್ಡದಾಗಿದ್ದರೆ ಸ್ಟಾಕ್‌ಹೋಮ್‌ಗೂ ಅಂಕಾರಾಕ್ಕೂ ಒಂದೇ ತಕ್ಕಡಿ ಇರಬೇಕಿತ್ತು.

ಹುಟ್ಟಿದ ದೇಶದ ಹಿತ ಅಡ್ಡ ಬಂದರೆ ಏನು ಗತಿ ಎಂಬ ಆತಂಕವೂ ಉಳಿಯುತ್ತದೆ. ಅದಕ್ಕೆ ದಾರಿಯಿದೆ: ನಿರ್ದಿಷ್ಟ ಪ್ರಕರಣದಿಂದ ಸಚಿವರು ಹಿಂದೆ ಸರಿಯಬಹುದು, ಸದನ ಅವರನ್ನು ಕರೆಸಿ ಕೇಳಬಹುದು. ಇಬ್ಬರ ಮುಂದಿನ ಹಾದಿಯನ್ನೂ ನೋಡಿ. ಅಬೂತಾಲೇಬ್ 2009ರಿಂದ 2024ರವರೆಗೆ ರಾಟರ್‌ಡ್ಯಾಮ್‌ನ ಮೇಯರ್ ಆಗಿದ್ದರು. ಅಲ್ಲಿ ಊರಿನ ಕಾನೂನು ಸುವ್ಯವಸ್ಥೆಯ ಹೊಣೆ ಮೇಯರ್‌ದೇ. ಅಲ್ಬಾಯ್ರಾಕ್ 2012ರಲ್ಲಿ ರಾಜಕೀಯ ಬಿಟ್ಟು ತೈಲ ಕಂಪನಿ ಶೆಲ್ ಸೇರಿದರು. ಅದರಲ್ಲಿ ತಪ್ಪಿತ್ತೆಂದು ನಾನು ಹೇಳುತ್ತಿಲ್ಲ. ಆದರೆ ಅಧಿಕಾರದ ಅನುಭವ ಹೊತ್ತವರು ಖಾಸಗಿ ಕಂಪನಿಗೆ ಹೋಗುವಾಗ ಯಾವ ನಿಯಮ, ಎಷ್ಟು ಕಾಲದ ಅಂತರ ಇರಬೇಕು ಎಂಬುದು ಯಾವ ಪಕ್ಷದ, ಯಾವ ಮೂಲದ ರಾಜಕಾರಣಿಗೂ ಸಮನಾಗಿ ಕೇಳಬಹುದಾದ ಪ್ರಶ್ನೆ. ಹಿತಾಸಕ್ತಿಯ ಬಗ್ಗೆ ನಿಜವಾಗಿ ಕಳವಳವಿದ್ದ ಸದಸ್ಯರು ಆ ನಿಯಮಕ್ಕಾಗಿ ಸದನದಲ್ಲಿ ನಿರ್ಣಯ ಮಂಡಿಸಬಹುದಿತ್ತು.